ಎಂಟು ಜನ, ಎಂಟು ಜೆಟ್, ಒಂದೇ ರನ್‌ವೇ: ಸಿಮ್ಯುಲೇಟರ್‌ನಲ್ಲಿ ಗುಂಪಾಗಿ ಹಾರುವುದು ಹೇಗೆ?

ಫ್ಲೈಟ್ ಸಿಮ್ಯುಲೇಟರ್ (ಚಿಕ್ಕದಾಗಿ ಸಿಮ್) ಅಂದರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟ. ಅದರಲ್ಲಿ ನಮ್ಮ ಗುಂಪಿನ ಮೊದಲ ಹಾರಾಟ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಒಂಬತ್ತು ಜನ ಸೇರಿದ್ದೆವು. ಯಾರಿಗೆ ಯಾವ ವಿಮಾನ ಇಷ್ಟವೋ ಅದನ್ನೇ ತನ್ನಿ ಅಂತ ಹೇಳಿದ್ದು ನಾನೇ. ಒಬ್ಬರು ದೈತ್ಯ 747 ತಂದರು. ನಾಲ್ಕು ಜನ ಮಧ್ಯಮ ಗಾತ್ರದ ಎ320, ಇಬ್ಬರು ಪುಟ್ಟ ಸೈಟೇಷನ್ ಸಿಜೆ4, ಒಬ್ಬರು ಫೈಟರ್ (ಯುದ್ಧವಿಮಾನ), ಇನ್ನೊಬ್ಬರು ಟಿಬಿಎಂ. ಟಿಬಿಎಂ ಜೆಟ್ಟೇ ಅಲ್ಲ, ಮೂಗಿನಲ್ಲಿ ಪ್ರೊಪೆಲ್ಲರ್ ತಿರುಗುವ ಟರ್ಬೊಪ್ರಾಪ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಇಪ್ಪತ್ತೇ ನಿಮಿಷದಲ್ಲಿ ಗುಂಪು ಚೆಲ್ಲಾಪಿಲ್ಲಿ. ಫೈಟರ್‌ನವರು ಅರ್ಧ ದಾರಿಯಲ್ಲೇ ಇಂಧನ ಖಾಲಿ ಮಾಡಿಕೊಂಡರು. ಟಿಬಿಎಂನವರು ಬಂದು ಇಳಿಯುವ ಹೊತ್ತಿಗೆ ಮೂವರು ಆಗಲೇ ಮಲಗಲು ಹೋಗಿದ್ದರು. ಎರಡು ಗಂಟೆ 'ಜೊತೆಯಾಗಿ' ಹಾರಿದ ನಾವು ಗಾಳಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.

ಅವತ್ತು ಅರ್ಥವಾಗಿದ್ದು ಇಷ್ಟು: ಜೆಟ್‌ಗಳ ಗುಂಪನ್ನು ಮೈಲಿಯಲ್ಲಿ ಅಳೆದರೆ ಕೆಟ್ಟಿರಿ, ನಿಮಿಷದಲ್ಲಿ ಅಳೆಯಬೇಕು. ನಿಧಾನವಾಗಿ ಹಾರುವ ಪುಟ್ಟ ಸೆಸ್ನಾ 172 ತಗೊಂಡು ನಾಲ್ಕು ಜನ ಅಕ್ಕಪಕ್ಕ ಹಾರುತ್ತಾ ಹರಟಬಹುದು. ಜೆಟ್‌ನಲ್ಲಿ ಆ ಸುಖ ಇಲ್ಲ. ಅದರ ಮಜಾ ಬೇರೆ ಕಡೆ ಇದೆ. ಗೇಟಿನಲ್ಲಿ ಸಾಲಾಗಿ ನಿಲ್ಲುವುದರಲ್ಲಿ, ರನ್‌ವೇಗೆ ಒಬ್ಬರ ಹಿಂದೆ ಒಬ್ಬರು ಟ್ಯಾಕ್ಸಿ ಮಾಡುವುದರಲ್ಲಿ (ನೆಲದ ಮೇಲೆ ಓಡಿಸಿಕೊಂಡು ಹೋಗುವುದು), ಕೊನೆಗೆ ಒಬ್ಬೊಬ್ಬರೇ ಇಳಿಯುವುದನ್ನು ಉಳಿದವರೆಲ್ಲ ಕೂತು ನೋಡುವುದರಲ್ಲಿ. ಹಾಗಾಗಿ ಯೋಜನೆಯನ್ನೂ ಅದಕ್ಕೆ ತಕ್ಕ ಹಾಗೆ ಮಾಡಬೇಕು.

ಮೊದಲು ವಿಮಾನ, ಆಮೇಲೆ ದಾರಿ

ಎಲ್ಲರೂ ಒಂದೇ ಜಾತಿಯ ವಿಮಾನ ತರಲಿ. ಇದರಲ್ಲಿ ರಾಜಿ ಬೇಡ. ಬಣ್ಣ ಯಾವುದಾದರೂ ಇರಲಿ, ಕಂಪನಿ ಯಾವುದಾದರೂ ಇರಲಿ, ವೇಗ ಮಾತ್ರ ಹೊಂದಬೇಕು. ಎ320 ಮತ್ತು 737 ಒಟ್ಟಿಗೆ ಹೋಗಬಹುದು, ಎರಡೂ ಮ್ಯಾಕ್ 0.78ರ (ಶಬ್ದದ ವೇಗದ 0.78 ಪಟ್ಟು) ಆಸುಪಾಸಿನಲ್ಲೇ ಕ್ರೂಸ್ ಮಾಡುತ್ತವೆ, ಅಂದರೆ ಮೇಲೇರಿದ ಮೇಲೆ ಒಂದೇ ಎತ್ತರದಲ್ಲಿ ಹಾರುತ್ತವೆ. 747 ಬಂದರೆ ಅದು 0.85ರಲ್ಲಿ ಓಡುತ್ತದೆ. ವ್ಯತ್ಯಾಸ ಪುಟ್ಟದಾಗಿ ಕಾಣುತ್ತದೆ, ಅಲ್ವಾ? ಎತ್ತರದಲ್ಲಿ ಅದು ಸುಮಾರು 40 ನಾಟ್, ಅಂದರೆ ಗಂಟೆಗೆ 40 ನಾಟಿಕಲ್ ಮೈಲಿ. ಮುಕ್ಕಾಲು ಗಂಟೆಯಲ್ಲಿ 30 ನಾಟಿಕಲ್ ಮೈಲಿ ಮುಂದೆ ಹೋಗಿಬಿಡುತ್ತದೆ.

ಹೊಸಬರು ಜಾಸ್ತಿ ಇದ್ದರೆ ಎ320 ಒಳ್ಳೆಯದು. ಫ್ಲೈಬೈವೈರ್ ತಂಡದ ಎ320 ನಿಯೋ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಉಚಿತವಾಗಿಯೇ ಸಿಗುತ್ತದೆ, ಹಾಗಾಗಿ ಯಾರ ಕೈಯಲ್ಲೂ ದುಡ್ಡು ಖರ್ಚು ಮಾಡಿಸಬೇಕಿಲ್ಲ.

ದಾರಿ ಚಿಕ್ಕದಿರಲಿ. 150ರಿಂದ 300 ಮೈಲಿ ಸಾಕು (ಇಲ್ಲಿ ಮೈಲಿ ಅಂದಲ್ಲೆಲ್ಲ ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.). ಕ್ರೂಸ್ ಅನ್ನುವುದು ಗುಂಪು ಹಾರಾಟದಲ್ಲಿ ಬೋರು ಹೊಡೆಸುವ ಭಾಗ, ಆಟೋಪೈಲಟ್ ಹಾರಿಸುತ್ತದೆ, ಜನ ಫೋನ್ ನೋಡುತ್ತಾ ಕೂರುತ್ತಾರೆ. ನನಗೆ ಇಷ್ಟವಾದ ದಾರಿ ಜಿನೀವಾದಿಂದ ನೀಸ್. ನೇರ ಗೆರೆ ಎಳೆದರೆ ಸುಮಾರು 160 ಮೈಲಿ. ಜಿನೀವಾದಲ್ಲಿ 3,900 ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇ, ಹೊಸಬರೂ ಹೆದರದೆ ಏರಬಹುದು. ದಕ್ಷಿಣಕ್ಕೆ ತಿರುಗಿ ಏರುತ್ತಿದ್ದ ಹಾಗೆ ಎಡಗಡೆ ಕಿಟಕಿಯಲ್ಲಿ ಆಲ್ಪ್ಸ್ ಸಾಲು, ಮೋಡ ಇಲ್ಲದಿದ್ದರೆ ಮೋಂಟ್ ಬ್ಲಾಂಕ್ ಕೂಡ. ಕೊನೆಗೆ ಸಮುದ್ರದ ಅಂಚಿಗೇ ಅಂಟಿಕೊಂಡ ನೀಸ್. ಅಲ್ಲಿ ಅಕ್ಕಪಕ್ಕ ಎರಡು ರನ್‌ವೇ ಇವೆ, ಅದು ಗುಂಪಿಗೆ ದೊಡ್ಡ ಅನುಕೂಲ. ಒಬ್ಬರು ರನ್‌ವೇಯಿಂದ ಹೊರಗೆ ಬರಲು ತಡಕಾಡುತ್ತಾ ನಿಂತರೆ ಹಿಂದಿನವರಿಗೆ ಇನ್ನೊಂದು ಇದೆ.

ದಾರಿ ಬರೆಯಲು ಸಿಮ್‌ಬ್ರೀಫ್ ಬಳಸಿ, ದಾರಿ ಮತ್ತು ಇಂಧನದ ಲೆಕ್ಕ ಹಾಕಿಕೊಡುವ ವೆಬ್‌ಸೈಟ್ ಅದು. ಒಬ್ಬರೇ ಕೂತು ಒಂದು ಫ್ಲೈಟ್ ಪ್ಲಾನ್ ಮಾಡಿ, ಅದೇ ಸಾಲನ್ನು ಎಲ್ಲರಿಗೂ ಕಳಿಸಿ. 'ಎಲ್ಲರೂ ಅವರವರದ್ದು ಮಾಡ್ಕೊಳ್ಳಿ' ಅಂದರೆ ಎಂಟು ಜನಕ್ಕೆ ಐದು ದಾರಿ ಗ್ಯಾರಂಟಿ.

ನಿಮಿಷದ ಲೆಕ್ಕ

ಇದನ್ನು ಒಂದು ಸಲ ಕಾಗದದ ಮೇಲೆ ಹಾಕಿ ನೋಡಿ. ಆಮೇಲೆ ಮರೆಯುವುದಿಲ್ಲ.

450 ನಾಟ್‌ನಲ್ಲಿ ಹೋಗುವ ಜೆಟ್ ನಿಮಿಷಕ್ಕೆ ಏಳೂವರೆ ಮೈಲಿ ಓಡುತ್ತದೆ. ಎರಡು ನಿಮಿಷಕ್ಕೊಬ್ಬರಂತೆ ಟೇಕಾಫ್ ಮಾಡಿದರೆ ಮೇಲೆ ಇಬ್ಬರ ನಡುವೆ 15 ಮೈಲಿ ಅಂತರ. ಹತ್ತು ಜನ ಇದ್ದರೆ ಮೊದಲನೆಯವರಿಗೂ ಕೊನೆಯವರಿಗೂ 18 ನಿಮಿಷ, ಅಂದರೆ 135 ಮೈಲಿ. ನಮ್ಮ ಜಿನೀವಾ-ನೀಸ್ ದಾರಿಯೇ 160! ಕೊನೆಯವರು ಚಕ್ರ ಎತ್ತುವ ಹೊತ್ತಿಗೆ ಮೊದಲನೆಯವರು ಇಳಿಯಲು ಶುರು ಮಾಡಿರುತ್ತಾರೆ.

ಹಾಗಾದರೆ ನಿಮಿಷಕ್ಕೊಬ್ಬರು ಹೊರಡೋಣ ಅನಿಸುತ್ತದೆ. ಮೇಲೆ ಏನೋ ಚೆನ್ನಾಗಿಯೇ ಇರುತ್ತದೆ. ಎಡವಟ್ಟಾಗುವುದು ಕೆಳಗೆ. ಇಳಿಯುವಾಗ ವೇಗ 140 ನಾಟ್‌ಗೆ ಬರುತ್ತದಲ್ಲ, ಆಗ ಅದೇ ಒಂದು ನಿಮಿಷ ಕುಗ್ಗಿ ಕುಗ್ಗಿ 2.3 ಮೈಲಿ ಆಗುತ್ತದೆ. ಮುಂದಿನವರು ರನ್‌ವೇ ಬಿಡುವ ಮೊದಲೇ ಹಿಂದಿನವರು ತಲೆ ಮೇಲೆ. ಎರಡು ನಿಮಿಷ ಇಟ್ಟುಕೊಂಡರೆ ಅದು ಸುಮಾರು ನಾಲ್ಕೂಮುಕ್ಕಾಲು ಮೈಲಿ, ಉಸಿರಾಡಲು ಜಾಗ ಇರುತ್ತದೆ. ಅಂತರವನ್ನು ಕಡಿಮೆ ಮಾಡುವ ಬದಲು ಜನರನ್ನೇ ಕಡಿಮೆ ಮಾಡಿ. ಆರರಿಂದ ಎಂಟು ಜನ ಸರಿಯಾದ ಸಂಖ್ಯೆ. ಹದಿನಾರು ಜನ ಬಂದರೆ ಎರಡು ಗುಂಪು ಮಾಡಿ, ಎರಡು ಊರಿಂದ ಹೊರಟು ಒಂದೇ ಕಡೆ ಇಳಿಸಿ.

ಇನ್ನೊಂದು ವಿಷಯ. ಹಿಂದೆ ಬಿದ್ದವರು ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ತಳ್ಳಿ ಮುಂದಿನವರನ್ನು ಹಿಡಿಯುತ್ತೇನೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. 0.78 ಇದ್ದದ್ದನ್ನು 0.80 ಮಾಡಿದರೆ ಸಿಗುವುದು ಬರೀ 12 ನಾಟ್ ಹೆಚ್ಚು ವೇಗ. ಆ ವೇಗದಲ್ಲಿ 15 ಮೈಲಿ ತುಂಬಿಸಲು ಒಂದೂಕಾಲು ಗಂಟೆ ಬೇಕು. ಅದಕ್ಕಿಂತ ಜಾಸ್ತಿ ತಳ್ಳಿದರೆ ಎ320ಯ ಮಿತಿ 0.82, ಅಲ್ಲಿಗೆ ಎಚ್ಚರಿಕೆಯ ಗಂಟೆ ಬಡಿದುಕೊಳ್ಳಲು ಶುರು. ಹಿಂದಿನವರು ಓಡುವುದಲ್ಲ, ಮುಂದಿನವರು ನಿಧಾನ ಮಾಡಬೇಕು. ಇಲ್ಲವೇ ಹಿಂದಿನವರು ದಾರಿಯ ಒಂದು ಮೂಲೆ ಬಿಟ್ಟು ನೇರ ಹೋಗಬೇಕು.

ಎಲ್ಲಿ ಸೇರುವುದು?

ಎಲ್ಲರ ಹತ್ತಿರ ಒಂದೇ ಸಿಮ್ಯುಲೇಟರ್ ಇದ್ದರೆ ಅದರೊಳಗಿನ ಮಲ್ಟಿಪ್ಲೇಯರ್ ಸಾಕು. ಮೈಕ್ರೋಸಾಫ್ಟ್‌ನದ್ದರಲ್ಲಿ ಒಂದು ಕಿರಿಕಿರಿ ಇದೆ: ಎಲ್ಲರೂ ಒಂದೇ ಸರ್ವರ್ ಆರಿಸಿಕೊಂಡಿರಬೇಕು. ಒಬ್ಬರು ಪಶ್ಚಿಮ ಯುರೋಪ್ ಸರ್ವರ್‌ನಲ್ಲಿ, ಇನ್ನೊಬ್ಬರು ಆಗ್ನೇಯ ಏಷ್ಯಾ ಸರ್ವರ್‌ನಲ್ಲಿ ಕೂತರೆ ಒಂದೇ ಗೇಟಿನಲ್ಲಿ ನಿಂತಿದ್ದರೂ ಕಾಣುವುದಿಲ್ಲ. 'ಎಲ್ಲಿದ್ದೀಯೋ?' 'ಇಲ್ಲೇ ಇದ್ದೀನಲ್ಲೋ!' ಅಂತ ಹದಿನೈದು ನಿಮಿಷ ಕಣ್ಣಾಮುಚ್ಚಾಲೆ ಆಡಿದ್ದೇವೆ.

ಒಬ್ಬರ ಹತ್ತಿರ ಎಕ್ಸ್-ಪ್ಲೇನ್ ಅನ್ನುವ ಬೇರೆ ಸಿಮ್, ಇನ್ನೊಬ್ಬರ ಹತ್ತಿರ ಮೈಕ್ರೋಸಾಫ್ಟ್ ಇದ್ದರೆ ವ್ಯಾಟ್‌ಸಿಮ್ (VATSIM) ಅಥವಾ ಐವಾವೋ (IVAO) ಬೇಕು, ಬೇರೆ ಬೇರೆ ಸಿಮ್‌ನವರನ್ನು ಒಂದೇ ಆಕಾಶದಲ್ಲಿ ಸೇರಿಸುವ ಆನ್‌ಲೈನ್ ಜಾಲಗಳು ಇವು. ಐವಾವೋ 1998ರಿಂದ, ವ್ಯಾಟ್‌ಸಿಮ್ 2001ರಿಂದ ನಡೆಯುತ್ತಿವೆ. ಎರಡೂ ಉಚಿತ. ನಿಜವಾದ ಮನುಷ್ಯರೇ ಕಂಟ್ರೋಲರ್ ಆಗಿ (ವಿಮಾನಗಳಿಗೆ ದಾರಿ, ಸರದಿ ಹೇಳುವವರು) ಕೂತಿರುತ್ತಾರೆ. ವ್ಯಾಟ್‌ಸಿಮ್‌ನಲ್ಲಿ ಹೊಸಬರು ಹಾರುವ ಮುಂಚೆ ಒಂದು ಪುಟ್ಟ ಪರೀಕ್ಷೆ ಪಾಸ್ ಮಾಡಬೇಕು, ಅದನ್ನು ಹಾರಾಟದ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಲ್ಲಿ ರನ್‌ವೇ ಮೇಲೆ ದಿಢೀರ್ ಅಂತ ಪ್ರತ್ಯಕ್ಷ ಆಗುವ ಹಾಗಿಲ್ಲ, ಗೇಟಿನಲ್ಲೇ ಕನೆಕ್ಟ್ ಆಗಬೇಕು. ಕಂಟ್ರೋಲರ್ ಇದ್ದರೆ ಅವರು ಹೇಳಿದ್ದೇ ಕೊನೆ ಮಾತು, ನಿಮ್ಮ ಗುಂಪಿನ ಸಾಲು ಅವರಿಗೆ ಲೆಕ್ಕಕ್ಕಿಲ್ಲ. ಮೊದಲ ಒಂದೆರಡು ಸಲ ಸಿಮ್‌ನ ಮಲ್ಟಿಪ್ಲೇಯರ್‌ನಲ್ಲೇ ಹಾರಿ ಕೈ ಕುದುರಿಸಿಕೊಂಡು ಆಮೇಲೆ ಅಲ್ಲಿಗೆ ಹೋಗಿ ಅನ್ನುವುದು ನನ್ನ ಸಲಹೆ.

ಮಾತಿಗೆ ಡಿಸ್ಕಾರ್ಡ್ ಅನ್ನುವ ಆ್ಯಪ್. ಬಟನ್ ಒತ್ತಿದಾಗ ಮಾತ್ರ ಮೈಕ್ ಆನ್ ಆಗುವ ಹಾಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಬ್ಬರ ಮನೆಯ ಫ್ಯಾನ್ ಸದ್ದು ಎಂಟು ಜನ ಕೇಳಬೇಕು.

ಫೈಟರ್ ಜೆಟ್ ಬೇಕೇ ಬೇಕು ಅನ್ನುವವರಿಗೆ

ಕೇಳದೆ ಬಿಡುವುದಿಲ್ಲ ಅಂತ ಗೊತ್ತು. 2021ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನವರು ಎಫ್/ಎ-18 ಸೂಪರ್ ಹಾರ್ನೆಟ್ ಸೇರಿಸಿದಾಗಿನಿಂದ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ತಪ್ಪಿಲ್ಲ, ಆದರೆ ಅವರದ್ದೇ ಬೇರೆ ಹಾರಾಟ ಮಾಡಿ. ರೆಕ್ಕೆ ಪಕ್ಕ ರೆಕ್ಕೆ ಇಟ್ಟು ಹಾರುವ ಆಸೆ ಇದ್ದರೆ ಒಂದು ಮಾತು ನೆನಪಿಡಿ. ನಿಮ್ಮ ಪರದೆಯಲ್ಲಿ ಕಾಣುವ ಗೆಳೆಯನ ವಿಮಾನ ಈ ಕ್ಷಣದ್ದಲ್ಲ. ಇಂಟರ್ನೆಟ್ ದಾಟಿ ಬರುವಷ್ಟರಲ್ಲಿ ಸ್ವಲ್ಪ ಹಳೆಯದಾಗಿರುತ್ತದೆ, ಉಳಿದದ್ದನ್ನು ಸಿಮ್ ಊಹಿಸಿ ತೋರಿಸುತ್ತದೆ. 450 ನಾಟ್ ಅಂದರೆ ಸೆಕೆಂಡಿಗೆ ಸುಮಾರು 230 ಮೀಟರ್. ಅರ್ಧ ಸೆಕೆಂಡ್ ತಡವಾದರೂ ನೂರು ಮೀಟರ್ ಆಚೀಚೆ. ನೇರ ಹಾರುವಾಗ ಊಹೆ ಸರಿ ಹೋಗುತ್ತದೆ, ತಿರುಗಿದ ಕೂಡಲೇ ಆ ವಿಮಾನ ಪಕ್ಕಕ್ಕೆ ಜಿಗಿದು ವಾಪಸ್ ಬರುತ್ತದೆ. ಅದಕ್ಕೇ 250-300 ನಾಟ್‌ನಲ್ಲಿ, ದೊಡ್ಡ ದೊಡ್ಡ ತಿರುವು ತಗೊಂಡು, ಸ್ವಲ್ಪ ದೂರವೇ ಇದ್ದು ಹಾರಿ. ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಸುಟ್ಟು ಎಂಜಿನ್‌ಗೆ ಬಲ ಕೊಡುವುದು) ಟೇಕಾಫ್‌ಗೆ ಮಾತ್ರ. ಅದನ್ನು ಹಾಕಿಕೊಂಡೇ ಹೋದರೆ ನಮ್ಮ ಮೊದಲ ಹಾರಾಟದ ಫೈಟರ್‌ನವರ ಹಾಗೆ ಅರ್ಧ ದಾರಿಯಲ್ಲೇ ಇಂಧನ ಖಾಲಿ.

ಹಿಂದಿನ ದಿನದ ಕೆಲಸ

ಸಿಮ್ ಒಮ್ಮೆ ತೆರೆದು ನೋಡಿ. ಅಪ್‌ಡೇಟ್ ಕಾದು ಕುಳಿತಿರುತ್ತದೆ, ಹಾರುವ ಹೊತ್ತಿಗೇ ಅದು ಬಾಯಿ ಬಿಡುವುದು. ಸಮಯವನ್ನು ಯುಟಿಸಿಯಲ್ಲಿ (ಇಡೀ ಜಗತ್ತಿಗೆ ಒಂದೇ ಆದ ಸಮಯ) ಹೇಳಿ, ಪೈಲಟ್‌ಗಳು ಝುಲು ಅನ್ನುವುದು ಇದನ್ನೇ. ಬೇರೆ ಬೇರೆ ದೇಶದವರು ಇದ್ದರಂತೂ 'ಎಂಟು ಗಂಟೆಗೆ' ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಹವಾಮಾನ ಎಲ್ಲರಿಗೂ ಒಂದೇ ಇರಬೇಕು. ಲೈವ್ ಅಂದರೆ ಎಲ್ಲರಿಗೂ ಲೈವ್. ಒಬ್ಬರು ಮಾತ್ರ ಬಿಸಿಲು ಬೇಕು ಅಂತ ಬದಲಾಯಿಸಿದರೆ ಅವರ ಗಾಳಿ ಬೇರೆ, ಒತ್ತಡ ಬೇರೆ. ಅವರಿಗೆ ಎದುರುಗಾಳಿ ಇರುವ ರನ್‌ವೇ ತುದಿ ನಿಮಗೆ ಬೆನ್ನುಗಾಳಿ ಆಗುತ್ತದೆ, ನೀವು ಹೊರಡುವ ಕಡೆಯಿಂದ ಅವರು ಎದುರು ಬರುತ್ತಾರೆ.

ಇಂಧನದ ವಿಷಯದಲ್ಲಿ ಜನ ಎರಡು ಅತಿ ಮಾಡುತ್ತಾರೆ. ಕೆಲವರು ಟ್ಯಾಂಕ್ ತುಂಬಿಸಿಬಿಡುತ್ತಾರೆ. ಎ320ಗೆ ಅದು ಸುಮಾರು 19 ಟನ್. 160 ಮೈಲಿಗೆ ಅಷ್ಟು ಹೊತ್ತು ಹೋದರೆ ಇಳಿಯುವ ತೂಕದ ಮಿತಿ ಮೀರುತ್ತದೆ, ಇಳಿಯುವ ವೇಗವೂ ಏರುತ್ತದೆ, ಮುಂದಿನವರನ್ನು ಹೋಗಿ ಮುಟ್ಟುತ್ತಾರೆ. ಇನ್ನು ಕೆಲವರು ಲೆಕ್ಕಕ್ಕೆ ಸರಿಯಾಗಿ ಹಾಕಿಕೊಂಡು ಬರುತ್ತಾರೆ, ಎರಡು ಸುತ್ತು ಕಾಯಿಸಿದರೆ ಬೆವರುತ್ತಾರೆ. ಎ320 ಗಂಟೆಗೆ ಸುಮಾರು ಎರಡೂವರೆ ಟನ್ ಕುಡಿಯುತ್ತದೆ. ಸಿಮ್‌ಬ್ರೀಫ್ ಹೇಳಿದ್ದಕ್ಕೆ ಅರ್ಧ ಗಂಟೆಯದ್ದು, ಅಂದರೆ ಒಂದೂಕಾಲು ಟನ್ ಸೇರಿಸಿ. ಪ್ರಯಾಣಿಕರ ಸಂಖ್ಯೆಯನ್ನೂ ಎಲ್ಲರೂ ಒಂದೇ ಹಾಕಿ. ಆಗ ಎಲ್ಲರ ಇಳಿಯುವ ವೇಗ ಹತ್ತಿರ ಹತ್ತಿರ ಬರುತ್ತದೆ.

ಯಾರು ಮುಂದೆ, ಯಾರು ಹಿಂದೆ?

ಎಲ್ಲರೂ ಮಾಡುವ ತಪ್ಪು ಅಂದರೆ ಚೆನ್ನಾಗಿ ಹಾರಿಸುವವರನ್ನು ಮೊದಲು ಕಳಿಸುವುದು. ನಾನು ಅವರನ್ನು ಕೊನೆಗೆ ನಿಲ್ಲಿಸುತ್ತೇನೆ. ಮೊದಲನೆಯವರಿಗೆ ಯಾರ ಕಾಟವೂ ಇಲ್ಲ, ಖಾಲಿ ರನ್‌ವೇ, ಖಾಲಿ ಆಕಾಶ. ಮುಂದಿರುವ ಏಳು ಜನರ ಎಡವಟ್ಟೆಲ್ಲ ಬಂದು ಸೇರುವುದು ಬಾಲಕ್ಕೆ. ಸುತ್ತು ಹೊಡೆಯಬೇಕಾದವರು, ವೇಗ ಇಳಿಸಬೇಕಾದವರು, ಸಿಮ್ ಕೈಕೊಟ್ಟು ವಾಪಸ್ ಬಂದವರನ್ನು ಸೇರಿಸಿಕೊಳ್ಳಬೇಕಾದವರು ಅವರೇ. ಹೊಸಬರು ಎರಡನೆಯ, ಮೂರನೆಯ ಜಾಗದಲ್ಲಿ ಇರಲಿ. ಇನ್ನೊಬ್ಬರು ಹಾರದೆ ಬರೀ ಮ್ಯಾಪ್ ನೋಡಿಕೊಂಡು ಸಾಲು ಹೇಳುತ್ತಿದ್ದರೆ ಬಹಳ ಚೆನ್ನ, ಆದರೆ ಅಂಥ ತ್ಯಾಗಿ ಎಲ್ಲಿ ಸಿಗುತ್ತಾರೆ?

ಹೆಸರು, ವಿಮಾನದ ಕೋಡ್ ಏನೂ ಬೇಡ. ಒಂದರಿಂದ ಎಂಟು ನಂಬರ್ ಕೊಡಿ. ಇಡೀ ಸಂಜೆ ಅದೇ ಅವರ ಹೆಸರು.

ಗೇಟಿನಿಂದ ಗಾಳಿಗೆ

ಹೊರಡುವ ಸಮಯಕ್ಕಿಂತ 40 ನಿಮಿಷ ಮೊದಲೇ ಸೇರಿ. ಎ320ಯನ್ನು ಪೂರ್ತಿ ಆಫ್ ಇರುವ ಸ್ಥಿತಿಯಿಂದ ಎಬ್ಬಿಸಿ, ವಿಮಾನದೊಳಗಿನ ಕಂಪ್ಯೂಟರ್‌ಗೆ ದಾರಿ ತುಂಬಿಸುವುದಕ್ಕೇ ಹೊಸಬರಿಗೆ ಅರ್ಧ ಗಂಟೆ ಬೇಕು. ಬೇರೆ ಬೇರೆ ಗೇಟ್ ಮೊದಲೇ ಹಂಚಿಕೊಂಡಿರಿ. ಇಲ್ಲದಿದ್ದರೆ ಎರಡು ವಿಮಾನ ಒಂದರೊಳಗೊಂದು ಹುಟ್ಟಿಕೊಂಡು ನಾಲ್ಕು ರೆಕ್ಕೆಯ ವಿಚಿತ್ರ ಪ್ರಾಣಿ ಕಾಣುತ್ತದೆ. ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಕ್ರ್ಯಾಶ್ ಆಗುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ.

ಗೆಳೆಯರ ವಿಮಾನ ನಿಮಗೆ ಬೇರೆಯೇ ಮಾದರಿಯಾಗಿ ಕಂಡರೆ ಗಾಬರಿ ಬೇಡ. ಅವರ ಮಾದರಿ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ ಅಂತ ಅಷ್ಟೇ. ಅದೇ ರೀತಿ, ಒಬ್ಬರು ಕೊಂಡುತಂದ ನಿಲ್ದಾಣದ ಸೀನರಿ ಹಾಕಿಕೊಂಡು ಇನ್ನೊಬ್ಬರು ಸಾದಾ ನಿಲ್ದಾಣದಲ್ಲಿದ್ದರೆ ನೆಲದ ಮಟ್ಟ ಹೊಂದುವುದಿಲ್ಲ. ಚಕ್ರಗಳು ಮೊಣಕಾಲೆತ್ತರ ಗಾಳಿಯಲ್ಲಿ ತೇಲುತ್ತಿರುತ್ತವೆ, ಇಲ್ಲವೇ ಅರ್ಧ ನೆಲದಲ್ಲಿ ಹೂತಿರುತ್ತವೆ. ಸುಮ್ನೆ ನಕ್ಕು ಮುಂದೆ ಹೋಗಿ.

ಪುಷ್‌ಬ್ಯಾಕ್ (ಗೇಟಿನಿಂದ ವಿಮಾನವನ್ನು ಹಿಂದಕ್ಕೆ ತಳ್ಳಿಸಿಕೊಳ್ಳುವುದು) ನಂಬರ್ ಪ್ರಕಾರ. ಹಿಂದಿನವರು ಮುಂದಿನ ವಿಮಾನದ ಇಡೀ ಉದ್ದ ಕಾಣುವಷ್ಟು ದೂರದಲ್ಲಿ ಟ್ಯಾಕ್ಸಿ ಮಾಡಲಿ, 15 ನಾಟ್ ಸಾಕು. ರನ್‌ವೇ ಹತ್ತಿರ ಬಂದ ಮೇಲೆ ಮಾತು ಇಷ್ಟೇ ಇರಬೇಕು:

'ಮೂರು, ರನ್‌ವೇ ಮೇಲೆ.'
'ಮೂರು, ಹೊರಟೆ.'
'ಮೂರು, ಗಾಳಿಯಲ್ಲಿ. ನಾಲ್ಕು ಬರಬಹುದು.'

'ನಾಲ್ಕು ಬರಬಹುದು' ಅನ್ನುವುದು ಕೇಳುವವರೆಗೆ ನಾಲ್ಕನೆಯವರು ರನ್‌ವೇ ಮುಂದಿನ ಗೆರೆ ದಾಟಬಾರದು. ಗಡಿಯಾರ ಹಿಡಿಯುವ ಕೆಲಸ ಹಿಂದಿನವರದ್ದು: ಮುಂದಿನವರು 'ಹೊರಟೆ' ಅಂದ ಕ್ಷಣದಿಂದ ಎರಡು ನಿಮಿಷ.

ವೇಗಗಳನ್ನು ಮೊದಲೇ ಚಾಟ್‌ನಲ್ಲಿ ಹಾಕಿಬಿಡಿ, ಎಲ್ಲರೂ ಅದನ್ನೇ ಹಿಡಿಯಲಿ. ನಮ್ಮದು ಹೀಗಿದೆ:

10,000 ಅಡಿವರೆಗೆ 250 ನಾಟ್
ಅದರ ಮೇಲೆ 290, ಆಮೇಲೆ ಮ್ಯಾಕ್ 0.78
ಇಳಿಯುವಾಗ 280, 10,000 ಅಡಿ ಕೆಳಗೆ 250
ರನ್‌ವೇಗೆ 20 ಮೈಲಿ ಇದ್ದಾಗ 220
10 ಮೈಲಿಗೆ 180
ಅಲ್ಲಿಂದ 160, ಕೊನೆಯ 4 ಮೈಲಿವರೆಗೆ

ಕೊನೆಯ ಸಾಲು ನಿಜವಾದ ಕಂಟ್ರೋಲರ್‌ಗಳೂ ಹೇಳುವಂಥದ್ದೇ. ಅದನ್ನು ಮುರಿದು ಬೇಗನೇ 135ಕ್ಕೆ ಇಳಿಸಿದವರ ಹಿಂದೆ ಇಡೀ ಸಾಲು ಜಾಮ್ ಆಗುತ್ತದೆ.

10,000 ಅಡಿಗಿಂತ ಕೆಳಗೆ ಹರಟೆ ಇಲ್ಲ. ನಿಜವಾದ ಕಾಕ್‌ಪಿಟ್‌ನಲ್ಲೂ ಈ ಪದ್ಧತಿ ಇದೆ. ಮೇಲೆ ಹೋದ ಮೇಲೆ ಎಷ್ಟು ಬೇಕಾದರೂ ಮಾತಾಡಿ.

ಇಳಿಯುವ ಲೆಕ್ಕ

ಹೊಸಬರು ತಡಬಡಾಯಿಸುವುದು ಇಲ್ಲಿ. ಕಂಪ್ಯೂಟರ್ ಹೇಳುತ್ತದೆ ಅಂತ ಕೂರುತ್ತಾರೆ, ಅಷ್ಟರಲ್ಲಿ ಎತ್ತರ ಜಾಸ್ತಿ ಉಳಿದುಬಿಡುತ್ತದೆ. ಬಾಯಿಲೆಕ್ಕ ಸುಲಭ: ಕಳೆಯಬೇಕಾದ ಪ್ರತಿ ಸಾವಿರ ಅಡಿಗೆ 3 ಮೈಲಿ. ನೀಸ್ ಸಮುದ್ರ ಮಟ್ಟದಲ್ಲೇ ಇದೆ. 26,000 ಅಡಿಯಿಂದ ಇಳಿಯಬೇಕೆಂದರೆ 26ಕ್ಕೆ ಮೂರು ಪಟ್ಟು, 78 ಮೈಲಿ. ವೇಗ ಇಳಿಸಲು ಇನ್ನೊಂದು 10 ಸೇರಿಸಿ, 88 ಮೈಲಿ ಇರುವಾಗಲೇ ಶುರು ಮಾಡಿ. ಎಷ್ಟು ವೇಗವಾಗಿ ಇಳಿಯಬೇಕು ಅನ್ನುವುದಕ್ಕೆ ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿ. 440 ನಾಟ್ ಇದ್ದರೆ ನಿಮಿಷಕ್ಕೆ 2,200 ಅಡಿ.

ಆಲ್ಟಿಮೀಟರ್ ಮರೆಯಬೇಡಿ, ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಮಾಪಕ ಅದು. ಮೇಲೆ ಎಲ್ಲರೂ ಅದನ್ನು 1013 ಹೆಕ್ಟೋಪಾಸ್ಕಲ್ ಒತ್ತಡಕ್ಕೆ ಇಟ್ಟಿರುತ್ತೀರಿ. ಕೆಳಗೆ ಬರುವಾಗ ಆ ಊರಿನ ಒತ್ತಡಕ್ಕೆ ಬದಲಾಯಿಸಬೇಕು. ಹತ್ತು ಹೆಕ್ಟೋಪಾಸ್ಕಲ್ ತಪ್ಪಿದರೆ ಸುಮಾರು 300 ಅಡಿ ತಪ್ಪು. ಮೊದಲನೆಯವರು ಇಳಿಯಲು ಶುರು ಮಾಡಿದಾಗ ಆ ಸಂಖ್ಯೆಯನ್ನು ಜೋರಾಗಿ ಓದಲಿ, ಉಳಿದವರು ಒಬ್ಬೊಬ್ಬರೇ ಅದನ್ನು ಹೇಳಿ ಒಪ್ಪಲಿ.

ಇಬ್ಬರ ನಡುವೆ 4 ಮೈಲಿಗಿಂತ ಕಡಿಮೆ ಆಗುತ್ತಿದೆ ಅನಿಸಿದರೆ ಮೊದಲು ವೇಗ ಇಳಿಸಿ. ಸಾಲದಿದ್ದರೆ ಹೋಲ್ಡಿಂಗ್ ಹಾಕಿ (ಒಂದೇ ಜಾಗದಲ್ಲಿ ಸುತ್ತುತ್ತಾ ಕಾಯುವುದು), ಒಂದು ಸುತ್ತಿಗೆ 4 ನಿಮಿಷ ಕಳೆಯುತ್ತದೆ. ಅಂದರೆ ಎರಡು ವಿಮಾನದಷ್ಟು ಜಾಗ. ಹೋಲ್ಡ್‌ನಲ್ಲಿ ಇಬ್ಬರಿದ್ದರೆ ಒಬ್ಬರಿಗೊಬ್ಬರು 1,000 ಅಡಿ ಮೇಲೆ ಕೆಳಗೆ ಇರಲಿ.

ಗೋ-ಅರೌಂಡ್ ಮಾಡಿದವರನ್ನು (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದವರನ್ನು) ಯಾರೂ ಕಿಚಾಯಿಸಬೇಡಿ, ಕನಿಷ್ಠ ಇಳಿಯುವವರೆಗೆ. ಕಿಚಾಯಿಸಿದರೆ ಮುಂದಿನ ಸಲ ಅವರು ಹೇಗಾದರೂ ಮಾಡಿ ನೆಲಕ್ಕೆ ತುರುಕುತ್ತಾರೆ. ಗೋ-ಅರೌಂಡ್ ಮಾಡಿದವರು ಚಾರ್ಟ್‌ನಲ್ಲಿ (ನಿಲ್ದಾಣದ ನಕ್ಷೆ) ಕೊಟ್ಟ ದಾರಿ ಹಿಡಿಯಬೇಕು. ನೀಸ್‌ನಲ್ಲಿ ಉತ್ತರಕ್ಕೆ ಬೆಟ್ಟ, ದಕ್ಷಿಣಕ್ಕೆ ಸಮುದ್ರ, ಹಾಗಾಗಿ ಗಾಬರಿಯಲ್ಲಿ ಎತ್ತ ತಿರುಗಬಾರದು ಅಂತ ಮೊದಲೇ ನೋಡಿಟ್ಟುಕೊಂಡಿರಿ. ಆಮೇಲೆ ಅವರ ಜಾಗ ಸಾಲಿನ ಕೊನೆ. ಮಧ್ಯದಲ್ಲಿ ತೂರಿಸಲು ಹೋದರೆ ಇನ್ನೂ ಇಬ್ಬರು ಗೋ-ಅರೌಂಡ್ ಮಾಡಬೇಕಾಗುತ್ತದೆ.

ಸಿಮ್ ಕ್ರ್ಯಾಶ್ ಆದವರಿಗೆ ಗುಂಪು ಕಾಯುವ ಹಾಗಿಲ್ಲ, ಜೆಟ್ ನಿಲ್ಲಿಸಲು ಆಗುವುದಿಲ್ಲವಲ್ಲ. ಮಲ್ಟಿಪ್ಲೇಯರ್‌ನಲ್ಲಿ ಹಾರುತ್ತಿದ್ದರೆ ಅವರು ನೀಸ್‌ನಿಂದ 30 ಮೈಲಿ ದೂರದ ಗಾಳಿಯಲ್ಲೇ ಹುಟ್ಟಿಕೊಂಡು ಎಂಟನೆಯವರ ಹಿಂದೆ ಸೇರಲಿ.

ಇಳಿದ ಮೇಲೆ

ರನ್‌ವೇ ಬಿಟ್ಟ ಕೂಡಲೇ 'ಒಂದು, ಹೊರಗೆ' ಅನ್ನಬೇಕು. ಹಿಂದಿನವರಿಗೆ ಅದೇ ಅನುಮತಿ. ಗೇಟಿಗೆ ಹೋಗಿ ಎಂಜಿನ್ ಆಫ್ ಮಾಡಿ, ಸಿಮ್‌ನ ಡ್ರೋನ್ ಕ್ಯಾಮೆರಾ (ಎಲ್ಲಿ ಬೇಕಾದರೂ ಸರಿಸಬಹುದಾದ ನೋಟ) ಹಾಕಿಕೊಂಡು ರನ್‌ವೇ ತುದಿಗೆ ಬನ್ನಿ. ಎಂಟು ಜನಕ್ಕೆ ಎರಡೆರಡು ನಿಮಿಷ ಅಂದರೆ ಮೊದಲನೆಯವರಿಗೆ ಕಾಯಲು 14 ನಿಮಿಷ ಇದೆ. ಸಮುದ್ರದ ಮೇಲೆ ಮೊದಲು ಒಂದು ಲೈಟ್ ಕಾಣುತ್ತದೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಚುಕ್ಕಿ ಪೋಣಿಸಿದ ಹಾಗೆ. ಎರಡು ನಿಮಿಷದ ಶಿಸ್ತು ಕಣ್ಣಿಗೆ ಕಾಣುವುದು ಆಗಲೇ. ನಾಲ್ಕನೆಯವರ ಚಕ್ರ ನೆಲ ಮುಟ್ಟಿ ಹೊಗೆ ಎದ್ದಾಗ ಮೈಕ್‌ನಲ್ಲಿ ಮೂರು ಜನ ಒಟ್ಟಿಗೆ 'ಅಯ್ಯೋ, ಅಷ್ಟು ಜೋರಾ!' ಅನ್ನುತ್ತಾರೆ. ಇಳಿದವರು ನಿಮಿಷಕ್ಕೆ ಎಷ್ಟು ಅಡಿ ವೇಗದಲ್ಲಿ ನೆಲ ಮುಟ್ಟಿದರು ಅಂತ ಬರೆದಿಡಿ, ಮುಂದಿನ ಸಲ ಯಾರು ಮೊದಲು ಹೊರಡಬೇಕು ಅನ್ನುವುದನ್ನು ಅದರಿಂದಲೇ ತೀರ್ಮಾನಿಸಬಹುದು.

ಎಂಟನೆಯವರು ಗೇಟಿಗೆ ಬಂದು ಕೆಂಪು ಬೀಕನ್ ಲೈಟ್ ಆರಿಸುವವರೆಗೆ ಯಾರೂ ಸಿಮ್ ಮುಚ್ಚಬೇಡಿ.